ಮೂಲೆ ಮುರಿದ ಚೌಕಪಟ್ಟಿ

“ಇನ್ನೊಂದು ಮಾತು ಬೇಡ. ಪೊಲೀಸರಿಗೇ ಫೋನ್ ಮಾಡ್ತೀನಿ,” ಎಂದು ದೊಡ್ಡಕ್ಕ ಫೋನು ಕೈಗೆತ್ತಿಕೊಂಡಳು.

“ಧಾರಾಳವಾಗಿ ಮಾಡಿ,” ಎಂದರು ಮಿಲಿಮೀಟರ್ ಮೇಡಂ, ಮೇಜಿನ ಮೇಲೆ ಬಗ್ಗಿಸಿದ ತಲೆ ಎತ್ತದೆ. “ಅವರು ಬಂದವರೇ ಇದನ್ನೆಲ್ಲ ಚೀಲಕ್ಕೆ ತುಂಬಿ ಮೊಹರು ಹಾಕ್ತಾರೆ. ಆಮೇಲೆ ನಿಮ್ಮಮ್ಮನ ಕೌದಿಯ ಒಂದು ಎಳೆ ನೋಡ್ಬೇಕಂದ್ರೂ ಅರ್ಜಿ ಹಿಡಿದು ನಿಲ್ಬೇಕು.”

ದೊಡ್ಡಕ್ಕನ ಹೆಬ್ಬೆರಳು ಅಲ್ಲೇ ನಿಂತಿತು.

ಮೇಜಿನ ಮೇಲೆ ಹನ್ನೆರಡು ತುಂಡುಗಳಿದ್ದವು. ನಿನ್ನೆಯವರೆಗೆ ಅವು ಬಟ್ಟೆಚೂರುಗಳಿಂದ ಹೊಲಿದ ಹನ್ನೆರಡು ನಕ್ಷತ್ರಗಳ ಒಂದೇ ಕೌದಿ. ಈ ಹೊಲಿಗೆ ಮನೆಯನ್ನು ಕಟ್ಟಿ ಬೆಳೆಸಿ ತೀರಿಕೊಂಡ ಅಮ್ಮ ಕೈಯಾರೆ ಮಾಡಿದ್ದು. ಇವತ್ತು ಸಂಜೆ ವಸ್ತುಸಂಗ್ರಹಾಲಯದ ಅಧಿಕಾರಿ, ಇದುವರೆಗೆ ಫೋನಿನಲ್ಲಷ್ಟೇ ಮಾತಾಡಿದ್ದವರು, ಮೊದಲ ಸಲ ಬಂದು ಅದನ್ನು ಒಯ್ಯಬೇಕಿತ್ತು. ಬೆಳಿಗ್ಗೆ ಬಾಗಿಲು ತೆಗೆದಾಗ ಬೀಗ ಬೀಗದ ಹಾಗೇ ಇತ್ತು, ಕೌದಿ ಮಾತ್ರ ಹೀಗಿತ್ತು. ಪಕ್ಕದಲ್ಲಿ ಬಿದ್ದಿದ್ದ ಗುಂಡು ಬ್ಲೇಡಿನ ಕಟ್ಟರ್ ಸೊಸೆಯದು.

ಸೊಸೆ, ಅಂದರೆ ದೊಡ್ಡಕ್ಕನ ತಮ್ಮನ ಹೆಂಡತಿ, ಅಳತೆಪಟ್ಟಿಗಳನ್ನು ನೇತುಹಾಕಿದ ಗೋಡೆಗೆ ಒರಗಿ ನಿಂತಿದ್ದಳು. ಅತ್ತು ಅತ್ತು ಮೂಗು ಕೆಂಪಾಗಿತ್ತು. ಬೆಳಿಗ್ಗೆಯಿಂದ ಅವಳನ್ನು ಮೇಜಿನ ಹತ್ತಿರಕ್ಕೂ ಬಿಟ್ಟಿರಲಿಲ್ಲ. ಅವಳೇ ಫೋನ್ ಮಾಡಿ ಮೇಡಂ ಅವರನ್ನು ಕರೆಸಿದ್ದಳು. ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಅರ್ಧ ಮಿಲಿಮೀಟರ್ ತಪ್ಪಿದರೂ ಮತ್ತೆ ಅಳೆಸುತ್ತಿದ್ದ ಮೇಡಂಗೆ ಆ ಅಡ್ಡಹೆಸರು ಇಟ್ಟವರಲ್ಲಿ ಇವಳೂ ಒಬ್ಬಳು. ನಿವೃತ್ತಿಯ ಮೇಲೆ ಊರಿನ ಕಳ್ಳತನ, ಕಿತಾಪತಿಗಳೆಲ್ಲ ಮೇಡಂ ಬಾಗಿಲಿಗೇ ಬರುತ್ತಿದ್ದವು.

“ಸಿಕ್ಕಿಬಿದ್ದವಳನ್ನ ಇನ್ನೇನು ಪತ್ತೆ ಮಾಡ್ತೀರಿ?” ದೊಡ್ಡಕ್ಕ ಕೇಳಿದಳು. “ನಾಳೆಯಿಂದ ಅವಳು ಈ ಕೋಣೆಗೆ ಕಾಲಿಡ್ಕೂಡದು. ಮನೇಲಿ ಇರ್ತಾಳೋ ತವರಿಗೆ ಹೋಗ್ತಾಳೋ ತಮ್ಮ ತೀರ್ಮಾನ ಮಾಡ್ಲಿ.”

ತಮ್ಮ ನೂಲಿನ ಉಂಡೆಗಳ ಕಪಾಟಿನ ಪಕ್ಕ, ತಾನೂ ಒಂದು ಉಂಡೆಯೆಂಬಂತೆ ಮುದುರಿಕೊಂಡಿದ್ದ.

“ಸಿಟ್ಟಲ್ಲಿ ಕತ್ತರಿಸೋರು ಸ್ಕೇಲ್ ಇಟ್ಟು ಕತ್ತರಿಸ್ತಾರಾ?” ಮೇಡಂ ಒಂದು ತುಂಡನ್ನು ಎತ್ತಿ ಬೆಳಕಿಗೆ ಹಿಡಿದರು. “ಅಂಚು ನೋಡಿ, ದಾರ ಕಟ್ಟಿ ಎಳೆದ ಹಾಗಿದೆ. ಆದ್ರೆ ಹನ್ನೆರಡು ತುಂಡಿಗೂ ಒಂದು ಮೂಲೆ ಮಾತ್ರ ಇಲಿ ಕಚ್ಚಿದ ಹಾಗೆ. ಎಲ್ಲಕ್ಕೂ ಒಂದೇ ಅಳತೆ ಕಚ್ಚು. ಯಾವ ಸ್ಕೇಲಮ್ಮ ಇದು?”

“ದೊಡ್ಡ ಚೌಕದ್ದು,” ಎಂದಳು ಸೊಸೆ. “ಹೋದ ತಿಂಗಳು ಕೈಜಾರಿ ಬಿದ್ದು ಮೂಲೆ ಮುರೀತು. ಅಲ್ಲೇ ಇರ್ಬೇಕು…”

ಅವಳು ತಿರುಗಿ ನೋಡಿದಳು. ಗೋಡೆಯಲ್ಲಿ ಒಂದು ಮೊಳೆ ಖಾಲಿಯಿತ್ತು.

“ಬಚ್ಚಿಟ್ಟಿದ್ದಾಳೆ!” ದೊಡ್ಡಕ್ಕ ಅಂದಳು.

“ಕಟ್ಟರನ್ನ ಮೇಜಿನ ಮೇಲೆ ಬಿಟ್ಟು ಸ್ಕೇಲನ್ನ ಬಚ್ಚಿಡೋ ಜಾಣೆ,” ಎಂದರು ಮೇಡಂ. “ಇರ್ಲಿ. ಮಿಕ್ಕಿದ್ದನ್ನೆಲ್ಲ ಅಲ್ಲಿಂದ್ಲೇ ತೋರಿಸಮ್ಮ. ಯಾವುದನ್ನ ಯಾಕೆ ಆರಿಸಿ ತಂದೆ?”

ಅಳುವವರ ಕೈಗೆ ಅವರ ಕೆಲಸ ಕೊಟ್ಟರೆ ಅಳು ತಾನಾಗಿ ಹಿಂದೆ ಸರಿಯುತ್ತದೆ. ಸೊಸೆ ಮೂಗು ಒರೆಸಿಕೊಂಡು ಒಂದೊಂದಾಗಿ ಮುಟ್ಟಿ ತೋರಿಸಿದಳು. ಎಲ್ಲವೂ ಗಾಜಿನಂತೆ ಪಾರದರ್ಶಕವಾದ ದಪ್ಪ ಪ್ಲಾಸ್ಟಿಕ್ಕಿನವು.

“ಉದ್ದದ್ದು, ಬಟ್ಟೆನ ಪಟ್ಟಿಪಟ್ಟಿಯಾಗಿ ಕತ್ತರಿಸೋಕೆ. ಈ ಚಿಕ್ಕ ಚೌಕ ಹೊಲಿದ ಮೇಲೆ ಅಂಚು ಸವರೋಕೆ. ಇದರ ಓರೆ ಗೆರೆನ ಹೊಲಿಗೆ ಮೇಲೆ ಕೂರಿಸಿದ್ರೆ ನಾಲ್ಕು ಕಡೆನೂ ಸಮ ಬರುತ್ತೆ. ಇದು ತ್ರಿಕೋನಕ್ಕೆ.”

“ಗೆರೆ ಇಷ್ಟು ತೆಳ್ಳಗಿದೆಯಲ್ಲ?”

“ಹುಡುಕಿ ತಂದಿದ್ದು ಮೇಡಂ. ದಪ್ಪ ಗೆರೆಯಾದ್ರೆ ಬಟ್ಟೆ ಅಂಚು ಗೆರೆಯ ಈಚೆಗೋ ಆಚೆಗೋ ಅಂತ ಪ್ರತಿ ಸಲ ಅನುಮಾನ. ಒಂದು ನಕ್ಷತ್ರದಲ್ಲಿ ಕೂದಲೆಳೆ ತಪ್ಪಿದ್ರೆ ಕೊನೆ ಸಾಲಿಗೆ ಬರೋವಾಗ ಬೆರಳಗಲ. ಅದಕ್ಕೇ ಎರಡು ಕಂಪನಿ ಸ್ಕೇಲನ್ನ ಒಂದೇ ಕೌದಿಗೆ ಬಳಸೋದೂ ಇಲ್ಲ. ಗೆರೆಗಳ ಅಚ್ಚು ಕೆಳಮೈಯಲ್ಲಿ ಇರೋದನ್ನೇ ತಂದೆ. ಮೇಲಿದ್ರೆ ಪ್ಲಾಸ್ಟಿಕ್ಕಿನ ದಪ್ಪದಷ್ಟು ಕಣ್ಣಿಗೆ ಮೋಸ. ನೀವೇ ಲ್ಯಾಬಲ್ಲಿ ಬೈದು ಬೈದು ಹೇಳ್ಕೊಟ್ಟಿದ್ದು.”

“ಬೈದಿದ್ದು ನೆನಪಿದೆ ಅಂದ್ರೆ ಪಾಠ ಸಾರ್ಥಕ,” ಮೇಡಂ ನಕ್ಕರು.

“ಆಹಾ, ಗುರು ಶಿಷ್ಯೆ ಇಬ್ಬರೂ ಇಲ್ಲೇ ಕ್ಲಾಸು ಶುರು ಮಾಡಿ!” ದೊಡ್ಡಕ್ಕನಿಗೆ ತಡೆಯಲಾಗಲಿಲ್ಲ. “ಅಮ್ಮನ ಹತ್ರ ಒಂದು ಮರದ ಅಡಿಕೋಲು, ಒಂದು ಕತ್ತರಿ, ರಟ್ಟಲ್ಲಿ ಮಾಡಿದ ಒಂದು ತ್ರಿಕೋನ. ಜೀವಮಾನವಿಡೀ ಅಷ್ಟರಲ್ಲೇ ಹೊಲಿದ್ಲು. ಅವಳಿದ್ದಿದ್ರೆ ಈ ಆಟಿಕೆಗಳಲ್ಲಿ ಒಂದಾದ್ರೂ ಹೊಸ್ತಿಲು ದಾಟ್ತಿತ್ತಾ? ಅವಳು ಕಣ್ಮುಚ್ಚಿದ್ಮೇಲೆ ತಾನೇ ಇವಳು ಗೋಡೆ ತುಂಬ ನೇತುಹಾಕಿದ್ದು?”

ಮೇಡಂ ತಟ್ಟನೆ ತಲೆಯೆತ್ತಿದರು. “ಅಮ್ಮ ಇದ್ದಾಗ ಒಂದೂ ಇರ್ಲಿಲ್ಲ? ಈ ತ್ರಿಕೋನದ ಸ್ಕೇಲೂ?”

“ಒಂದೂ ಇರ್ಲಿಲ್ಲ. ಬೇಕಾದ್ರೆ ಬರೆದು ಕೊಡ್ತೀನಿ.”

“ಬರೆಯೋದೇನೂ ಬೇಡ. ಆ ತ್ರಿಕೋನ ಇತ್ತ ಕೊಡಿ.”

ತ್ರಿಕೋನದ ಪಟ್ಟಿಗೆ ಒಂದು ವಿಶೇಷವಿತ್ತು. ಅದರ ಒಂದು ತುದಿ ಚೂಪಾಗಿರದೆ, ಉಗುರು ಕತ್ತರಿಸಿದಂತೆ ಮೊಂಡಾಗಿತ್ತು. ಮೇಡಂ ಹೊಲಿಗೆ ಬಿಚ್ಚುವ ಕೊಕ್ಕೆಯಿಂದ ಒಂದು ನಕ್ಷತ್ರದ ಅಸ್ತರನ್ನು ಸರಿಸಿ, ಹತ್ತಿ ಬಿಡಿಸಿ, ಒಳಮೈಯನ್ನು ಹೊರಳಿಸಿದರು. ಭೂತಗನ್ನಡಿ ಇಟ್ಟು ಬಹಳ ಹೊತ್ತು ನೋಡಿದರು.

“ದೊಡ್ಡಕ್ಕ, ರಟ್ಟಿನ ತ್ರಿಕೋನ ಇಟ್ಟು ಕತ್ತರಿಯಲ್ಲಿ ಕತ್ತರಿಸಿದ್ರೆ ತುದಿ ಹೇಗಿರುತ್ತೆ?”

“ಹೇಗಿರುತ್ತೆ? ಚೂಪಾಗಿರುತ್ತೆ. ಎರಡನ್ನ ಸೇರಿಸಿ ಹೊಲಿದ್ರೆ ಹೊರಗಡೆ ಪುಟ್ಟ ಕಿವಿ ಚಾಚ್ಕೊಳ್ಳುತ್ತೆ. ಅಮ್ಮ ಆ ಕಿವಿನ ಕತ್ತರಿಸ್ತಾನೂ ಇರ್ಲಿಲ್ಲ. ಇರ್ಲಿ ಬಿಡು, ನಕ್ಷತ್ರಕ್ಕೆ ಕಿವಿ ಕೇಳಿಸ್ಲಿ ಅಂತಿದ್ಲು.”

“ಇಲ್ಲಿ ಕಿವಿ ಇಲ್ಲ.”

“ಯಾರೋ ಆಮೇಲೆ ಕತ್ತರಿಸಿರ್ಬೇಕು.”

“ಆಮೇಲೆ ಕತ್ತರಿಸಿದ್ರೆ ಬಟ್ಟೆ ಜೊತೆ ಹೊಲಿಗೆ ನೂಲೂ ಅಲ್ಲೇ ತುಂಡಾಗ್ಬೇಕು. ಬನ್ನಿ, ನೋಡಿ. ಬಟ್ಟೆಯ ತುದಿ ಮೊಂಡಾಗಿದೆ. ನೂಲು ಅದನ್ನ ದಾಟಿ ಹೊರಗೆ ಬಂದಿದೆ. ಅಂದ್ರೆ ಹೊಲಿಯೋ ಮುಂಚೆನೇ ಬಟ್ಟೆಯ ತುದಿ ಮೊಂಡಾಗಿತ್ತು. ಈ ಸ್ಕೇಲಿನ ತುದಿ ಹೇಗಿದೆಯೋ ಹಾಗೆ.” ಮೇಡಂ ಪಟ್ಟಿಯನ್ನು ಬಟ್ಟೆಯ ಮೇಲೆ ಇಟ್ಟರು. ಅಚ್ಚಿಗೆ ಅಚ್ಚು ಕೂತಿತು. “ನಿಮ್ಮಮ್ಮ ಹೋದ್ಮೇಲೆ ಮನೆಗೆ ಬಂದ ಸ್ಕೇಲಿನಿಂದ ನಿಮ್ಮಮ್ಮ ಹೇಗೆ ಕತ್ತರಿಸಿದ್ರು?”

ದೊಡ್ಡಕ್ಕ ಬಗ್ಗಿ ಪಟ್ಟಿಯನ್ನು ಎತ್ತಿ, ತಾನೇ ಮತ್ತೊಮ್ಮೆ ಇಟ್ಟು ನೋಡಿದಳು.

“ಇದು ನಿಮ್ಮಮ್ಮನ ಕೌದಿನೇ ಅಲ್ಲ,” ಎಂದರು ಮೇಡಂ.

ಮೊದಲು ಚೀರಿದವಳು ಸೊಸೆ. “ನಂದು! ಹಾಗಾದ್ರೆ ಇದು ನಂದು! ಅಯ್ಯೋ, ನಾನು ಹೊಲಿದಿದ್ದು ಅಕ್ಕ!” ಎಂದು ಮೇಜಿನತ್ತ ಓಡಿ ಬಂದು ತುಂಡುಗಳನ್ನು ಎದೆಗೆ ಅವುಚಿಕೊಂಡಳು. ತಾನು ತಿಂಗಳುಗಟ್ಟಲೆ ಹೊಲಿದದ್ದು ಚೂರುಚೂರಾದದ್ದಕ್ಕೆ ಇಷ್ಟು ಸಂತೋಷಪಟ್ಟವರನ್ನು ಮೇಡಂ ಕಂಡಿರಲಿಲ್ಲ.

“ನೀನು ಹೊಲಿದಿದ್ದಾ? ಏನೇ ಹಾಗಂದ್ರೆ?”

“ಅಮ್ಮನ ಪೆಟ್ಟಿಗೇಲಿ ಅದೇ ಬಟ್ಟೆ ಮಿಕ್ಕಿತ್ತು. ಅಸಲಿ ಸಂಗ್ರಹಾಲಯಕ್ಕೆ ಹೋದ್ಮೇಲೆ ಈ ಗೋಡೆ ಖಾಲಿ ಕಾಣುತ್ತೆ, ನೀವು ದಿನಾ ಅದರ ಮುಂದೆ ನಿಂತ್ಕೊಳ್ತೀರಲ್ಲ ಅಂತ… ಅಮ್ಮ ಒಂದು ನಕ್ಷತ್ರದಲ್ಲಿ ತುಂಡು ತಿರುಗಾಮುರುಗಾ ಹಾಕಿದ್ರಲ್ಲ, ಅದನ್ನೂ ಹಾಗೇ ಹಾಕ್ದೆ. ಹೋದ ವಾರ ಅಸಲಿ ಇಳಿಸಿ ಇದನ್ನೇ ಗೋಡೆಗೆ ಹಾಕಿದ್ದೆ. ನೀವು ಗುರುತು ಹಿಡಿತೀರಾ ನೋಡೋಣ ಅಂತ.”

“ನಾನು ಹಿಡೀಲಿಲ್ಲ,” ದೊಡ್ಡಕ್ಕ ಮೆಲ್ಲಗೆ ಅಂದಳು.

“ಅದೇ ನನ್ನ ಖುಷಿ! ಆದ್ರೆ ನಿನ್ನೆ ಬೆಳಿಗ್ಗೆ ಪ್ಯಾಕ್ ಮಾಡೋಕೆ ಅಸಲಿನೇ ಬೀರುವಲ್ಲಿಡಿ, ನಕಲನ್ನ ಕೊಳವೆಗೆ ಸುತ್ತಿಡಿ ಅಂತ ಇವರಿಗೆ ಹೇಳಿದ್ದೆ. ಅದಕ್ಕೇ ಅಸಲಿನೇ ಹೋಯ್ತು ಅಂದ್ಕೊಂಡೆ. ಇನ್ನು ನಕಲಿ ವಿಷಯ ಎತ್ತಿದ್ರೆ, ಸಂಗ್ರಹಾಲಯಕ್ಕೆ ಟೋಪಿ ಹಾಕೋಕೆ ಹೊರಟಿದ್ದೆ ಅಂತ ಅದನ್ನೂ ನನ್ನ ತಲೆಗೇ ಕಟ್ತಿದ್ರಿ.”

ಮೂರು ಜೊತೆ ಕಣ್ಣುಗಳು ತಮ್ಮನ ಕಡೆಗೆ ತಿರುಗಿದವು.

ಅವನು ಕಪಾಟಿಗೆ ಇನ್ನಷ್ಟು ಅಂಟಿಕೊಂಡ. “ಎರಡನ್ನೂ ಪಕ್ಕಪಕ್ಕ ಹಾಸಿದ್ದೆ. ಅಷ್ಟರಲ್ಲಿ ಫೋನ್ ಬಂತು. ಮಾತಾಡಿ ತಿರುಗಿ ನೋಡಿದ್ರೆ, ಎಡಗಡೆದು ಅಸಲಿಯೋ ಬಲಗಡೆದೋ…” ಅವನು ಎರಡೂ ಕೈ ಚಾಚಿ ತೋರಿಸಿದ. “ತಿರುಗಾಮುರುಗಾ ತುಂಡು ಎರಡರಲ್ಲೂ ಇತ್ತು! ಕಣ್ಮುಚ್ಚಿ ಒಂದನ್ನ ಬೀರುವಿಗಿಟ್ಟೆ. ಬೆಳಿಗ್ಗೆಯಿಂದ ಕೊಳವೆ ಬಿಚ್ಚಿ ನೋಡೋಕೂ ಧೈರ್ಯ ಬರ್ಲಿಲ್ಲ.”

“ಕೊಳವೆ ಎಲ್ಲೋ?”

ಅವನು ಬೆರಳು ತೋರಿಸಿದ. ಮೂಲೆಯಲ್ಲಿ ಬಟ್ಟೆ ಸುತ್ತುವ ಉದ್ದನೆಯ ರಟ್ಟಿನ ಕೊಳವೆ ನಿಂತಿತ್ತು, ಮೈಗೆ ಹಳೆಯ ಪತ್ರಿಕೆ ಸುತ್ತಿಕೊಂಡು. ದೊಡ್ಡಕ್ಕ ಎಂದಿನಂತೆ ತನ್ನ ಅಳತೆ ಟೇಪನ್ನು ಅದರ ನೆತ್ತಿಗೇ ನೇತುಹಾಕಿದ್ದಳು.

ಪತ್ರಿಕೆ ಹರಿದು, ಸುರುಳಿ ಬಿಚ್ಚಿ, ನಾಲ್ವರೂ ನೆಲದ ಮೇಲೆ ಹಾಸಿದರು. ಹನ್ನೆರಡು ನಕ್ಷತ್ರಗಳು. ಒಂದರಲ್ಲಿ ತುಂಡು ತಿರುಗಾಮುರುಗಾ. ದೊಡ್ಡಕ್ಕ ಕಣ್ಣುಮುಚ್ಚಿ ಹೊಲಿಗೆಯ ಗುಂಟ ಬೆರಳು ಜಾರಿಸಿದಳು. ಬಟ್ಟೆಯ ಕೆಳಗೆ, ಎಲ್ಲ ಸಂದಿಗಳಲ್ಲೂ, ಅಕ್ಕಿಕಾಳಿನಂಥ ಪುಟ್ಟ ಗಂಟುಗಳು ಬೆರಳಿಗೆ ತಾಕಿದವು.

“ಕಿವಿಗಳು,” ಎಂದಳು. “ಅಮ್ಮನ ಕಿವಿಗಳು ಇಲ್ಲಿವೆ ಕಣ್ರೋ.”

ಆಮೇಲೆ ಅವಳು ಅತ್ತಳು. ಗೋಣಿಚೀಲ ಕುಸಿದಂತೆ ನೆಲದ ಮೇಲೆ ಕುಸಿದು, ನಡುನಡುವೆ ನಗುತ್ತ, ಕೌದಿಯ ಅಂಚಿಗೆ ಮುಖ ಒತ್ತಿಕೊಂಡು ಅತ್ತಳು. ಸೊಸೆ ಪಕ್ಕದಲ್ಲಿ ಕೂತು ಬೆನ್ನು ಸವರಿದಳು. ಒಂದು ಗಂಟೆಯ ಹಿಂದೆ ತವರಿಗೆ ಅಟ್ಟಬೇಕೆಂದಿದ್ದವಳ ಕೈಯನ್ನು ದೊಡ್ಡಕ್ಕ ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

“ಎಲ್ಲರಿಗೂ ತಿಳಿಸ್ತೀನಿ!” ತಮ್ಮ ಫೋನ್ ಹಿಡಿದು ಮೆಟ್ಟಿಲ ಕಡೆ ಓಡಿದ. ಹೋದ ಜೀವ ಬಂದವನ ದನಿ ಕೆಳಗಿನ ಬೀದಿಯವರೆಗೂ ಕೇಳುತ್ತಿತ್ತು. “ಹ್ಞೂ ಸಾರ್, ಅಸಲಿ ಸಿಕ್ತು, ಒಂದು ಎಳೆನೂ ಹೋಗಿಲ್ಲ, ಧಾರಾಳವಾಗಿ ಬನ್ನಿ!”

ಮೇಡಂಗೂ ಎದೆ ಹಗುರಾಗಿತ್ತು. ಆದರೆ ಅವರ ಕಣ್ಣು ದೊಡ್ಡಕ್ಕನ ಮೇಲೇ ಇತ್ತು. ಕಳೆದ ವಸ್ತು ಸಿಕ್ಕವರ ಅಳು ಒಂದು ಬಗೆ. ಇದು ಬಿಡುಗಡೆಯಾದ ಆರೋಪಿಯ ಅಳು.

ಅವರು ಚೀಲದಿಂದ ತಮ್ಮ ಉಕ್ಕಿನ ಅಳತೆಪಟ್ಟಿ ತೆಗೆದರು.

“ಇನ್ನೊಂದು ಸಣ್ಣ ಲೆಕ್ಕ ಉಳಿದಿದೆ. ಕೌದಿಯ ನಡುವೆ ಅಡ್ಡಲಾಗಿ ಒಂದು ಉದ್ದನೆ ಸೀಳು ಇದೆ. ಅದರ ಗುಂಟ ಅಲ್ಲಲ್ಲಿ ಒಂದೊಂದು ಎಳೆ ಕತ್ತರಿಸದೆ ಉಳಿದು ಆಮೇಲೆ ಹರಿದಿದೆ. ಬ್ಲೇಡಿಗೆ ಒಂದು ಕಡೆ ಹಲ್ಲು ಬಿದ್ದಿದ್ರೆ, ಒಂದು ಸುತ್ತು ಉರುಳಿದಾಗೆಲ್ಲ ಒಂದು ಎಳೆ ತಪ್ಪಿಸ್ಕೊಳ್ಳುತ್ತೆ. ತಪ್ಪಿದ ಎಳೆಗಳ ನಡುವಿನ ದೂರ ಅಳೆದ್ರೆ ಚಕ್ರದ ಸುತ್ತಳತೆ.”

“ನನ್ನ ಬ್ಲೇಡು ನಾಲ್ಕೂವರೆ ಸೆಂಟಿಮೀಟರಿಂದು,” ಸೊಸೆ ಥಟ್ಟನೆ ಅಂದಳು. “ಪೈಯಿಂದ ಗುಣಿಸಿದ್ರೆ ಹದಿನಾಲ್ಕು ಚಿಲ್ಲರೆ.”

“ಇಲ್ಲಿ ಒಂಬತ್ತಕ್ಕೂ ಒಂದು ಎಳೆ ಕಮ್ಮಿ. ಅಂದ್ರೆ ತುಂಬ ಚಿಕ್ಕ ಚಕ್ರ. ನಿನ್ನ ಕಟ್ಟರ್ ಅಲ್ಲವೇ ಅಲ್ಲ.”

“ಚಿಕ್ಕದೊಂದಿತ್ತು, ಸ್ಕೇಲುಗಳ ಜೊತೆ ಬಂದಿದ್ದು. ಮಳೆಗಾಲದಿಂದ ಕಾಣೆ. ಕಸದ ಜೊತೆ ಹೋಯ್ತು ಅಂದ್ಕೊಂಡಿದ್ದೆ.”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಗಾದೆಯಲ್ಲಿ. ದೊಡ್ಡಕ್ಕನ ಕೈ ಅವಳಿಗೇ ತಿಳಿಯದೆ ಏಪ್ರನ್ನಿನ ಜೇಬಿಗೆ ಹೋಗಿತ್ತು.

ಅದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಲಿಲ್ಲ. ಅವಳು ತಾನೇ ಪುಟ್ಟ ಕಟ್ಟರನ್ನು ತೆಗೆದು ನೆಲದ ಮೇಲಿಟ್ಟಳು.

“ನಾನೇ. ನೀವೆಲ್ಲ ಊಟಕ್ಕೆ ಹೋದಾಗ ಇದರಲ್ಲಿ ಕತ್ತರಿಸೋದು ಕಲೀತಿದ್ದೆ. ಅಷ್ಟು ಆಡಿಕೊಂಡ ಮೇಲೆ ನಿನ್ನ ಹತ್ರ ಕೇಳೋಕೆ ನಾಚಿಕೆ ಕಣೇ. ನಿನ್ನೆ ಊಟದ ಹೊತ್ತಲ್ಲಿ ಬೀರು ತೆಗೆದೆ. ಎಲ್ಲಾ ಕೊಟ್ಬಿಟ್ರೆ ನನಗೇನು ಉಳೀತು? ಆರು ನಕ್ಷತ್ರ ಅವರಿಗೆ, ಆರು ನನಗೆ ಅಂತ ಉದ್ದ ಸ್ಕೇಲಿಟ್ಟು ಎಳೆದೇಬಿಟ್ಟೆ. ಎಳೆದ ಕ್ಷಣಾನೇ ಮಾಡಿದ ತಪ್ಪು ಗೊತ್ತಾಯ್ತು. ಮಡಚಿ ಹಾಗೇ ಬೀರುವಲ್ಲಿಟ್ಟು ಓಡಿದೆ.”

“ಮತ್ತೆ ನನ್ನ ಮೇಲೆ ಯಾಕಕ್ಕ…”

“ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದೆ. ತಪ್ಪಾಯ್ತು. ಆದ್ರೆ ಪೂರ್ತಿ ಸುಳ್ಳಲ್ಲ ಕಣೆ. ನಾನು ಮಾಡಿದ್ದನ್ನ ನೀನು ನೋಡಿ, ನನ್ನ ಮೇಲಿನ ಸಿಟ್ಟಿಗೆ ಮಿಕ್ಕಿದ್ದನ್ನೂ ಕತ್ತರಿಸಿ ಮೇಜಿನ ಮೇಲೆ ಹರಡಿದ್ದೀಯ ಅಂತಲೇ ನಂಬಿದ್ದೆ.”

“ಮಿಕ್ಕಿದ್ದನ್ನಾ?” ಮೇಡಂ ಕೇಳಿದರು.

“ನಾನು ಎಳೆದಿದ್ದು ಒಂದೇ ಗೆರೆ ಮೇಡಂ. ಎರಡು ಭಾಗ. ಹನ್ನೆರಡು ತುಂಡು ನಾನಲ್ಲ.”

ಮೇಡಂ ಮುಖ ಕೆಂಪಾಯಿತು. ‘ಒಂದೇ ರೀಡಿಂಗ್ ತಗೊಂಡು ಉತ್ತರ ಬರೀಬೇಡಿ’ ಎಂದು ಎಷ್ಟು ತಲೆಮಾರಿನ ಹುಡುಗರಿಗೆ ಬೈದಿದ್ದರು! ತಾವು ಅಳೆದದ್ದು ಆ ಉದ್ದ ಸೀಳನ್ನು ಮಾತ್ರ.

ಅವರು ಮೇಜಿಗೆ ಮರಳಿ ಉಳಿದ ಅಂಚುಗಳ ಮೇಲೆ ಭೂತಗನ್ನಡಿ ಸರಿಸಿದರು. ಒಂದೂ ಎಳೆ ತಪ್ಪಿರಲಿಲ್ಲ. ಹೊಚ್ಚಹೊಸ ಬ್ಲೇಡು. ಸೊಸೆಯ ಕಟ್ಟರನ್ನು ಚಿಂದಿಯೊಂದರ ಮೇಲೆ ಉರುಳಿಸಿದರು. ಅದೂ ಹಲ್ಲು ಬಿದ್ದದ್ದು, ಹದಿನಾಲ್ಕಕ್ಕೊಂದು ಎಳೆ ಬಿಟ್ಟಿತು. ಈ ಮನೆಯ ಯಾವ ಬ್ಲೇಡೂ ಅಲ್ಲ. ರಾತ್ರಿ ಬೀಗ ಮುರಿಯದೆ ತೆರೆದು ಬಂದ ಯಾರೋ ಹೊರಗಿನವರದು. ಮತ್ತೆ ಪ್ರತಿ ತುಂಡಿನ ಅಸ್ತರು ಒಂದು ಕಡೆ ಸ್ವಲ್ಪ ಸಡಿಲವಾಗಿತ್ತು, ಒಳಗಿನ ಹತ್ತಿಯಲ್ಲಿ ಬೆರಳಾಡಿಸಿದ ಗುಳಿಗಳಿದ್ದವು.

“ಹಾಳು ಮಾಡೋಕೆ ಕತ್ತರಿಸಿದ್ದಲ್ಲ ಇದು,” ಎಂದರು ಮೇಡಂ ನಿಧಾನವಾಗಿ. “ಹುಡುಕೋಕೆ. ಒಂದೊಂದು ನಕ್ಷತ್ರದ ಹೊಟ್ಟೆಯಲ್ಲೂ ಹುಡುಕಿದ್ದಾರೆ. ಹುಡುಕಿದೋರಿಗೆ ಇದು ನಕಲಿ ಅಂತ ಗೊತ್ತಿರ್ಲಿಲ್ಲ.”

“ಏನಿರುತ್ತೆ ಹತ್ತಿಯಲ್ಲಿ…” ಎನ್ನುತ್ತ ಸೊಸೆ ಅಸಲಿ ಕೌದಿಯ ಮೇಲೆ ಕೈಯಾಡಿಸಿದಳು. ತಿರುಗಾಮುರುಗಾ ತುಂಡಿನ ನಕ್ಷತ್ರದ ಮೇಲೆ ಅವಳ ಅಂಗೈ ನಿಂತಿತು. “ಮೇಡಂ, ಇಲ್ಲಿ ಹೊಲಿಗೆ ಎರಡು ಸುತ್ತು ಇದೆ. ಒಳಗೆ ಬೆರಳುದ್ದ ಏನೋ ಗಟ್ಟಿಯಾಗಿದೆ. ನಕಲು ಮಾಡೋವಾಗ ಹತ್ತಿ ಗಂಟು ಅಂದ್ಕೊಂಡಿದ್ದೆ.”

ಮೆಟ್ಟಿಲ ಮೇಲೆ ಎರಡು ಜೊತೆ ಹೆಜ್ಜೆ ಸದ್ದಾಯಿತು. ಮುಖವಿಡೀ ನಗು ತುಂಬಿಕೊಂಡು ತಮ್ಮ ಬಾಗಿಲು ತಳ್ಳಿದ.

“ಅಕ್ಕಾ, ಸಂಗ್ರಹಾಲಯದ ಸಾರ್ ಬಂದೇಬಿಟ್ರು! ಅಸಲಿ ಸಿಕ್ತು ಅಂದಿದ್ದೇ ತಡ, ಸಂಜೆವರೆಗೂ ಕಾಯೋದ್ಯಾಕೆ ಅಂತ ಹೊರಟು ಬಂದಿದ್ದಾರೆ.”

ಅವನ ಹಿಂದೆ ನಿಂತಿದ್ದ ನರೆಗೂದಲಿನ ಸೌಮ್ಯ ವ್ಯಕ್ತಿ ಎಲ್ಲರಿಗೂ ಕೈಮುಗಿದರು.

“ಸದ್ಯ, ದೊಡ್ಡ ಗಂಡಾಂತರ ತಪ್ಪಿತಲ್ಲ. ನನಗೂ ಈಗ ಉಸಿರು ಬಂದ ಹಾಗಾಯ್ತು. ಒಳಗೆ ಬರಬಹುದಾ? ಸಾಗಿಸೋ ಮುಂಚೆ ಒಂದ್ಸಲ ಅಳತೆ ತಗೋಬೇಕು. ತೊಂದ್ರೆ ತಗೋಬೇಡಿ, ಸ್ಕೇಲ್ ನಾನೇ ತಂದಿದ್ದೀನಿ.”

ಅವರ ಕಂಕುಳಲ್ಲಿ ಗಾಜಿನಂತೆ ಹೊಳೆಯುವ ದೊಡ್ಡ ಚೌಕಪಟ್ಟಿಯಿತ್ತು. ಅದಕ್ಕೆ ಮೂರೇ ಮೂಲೆಗಳು.